ಸಾಗವಾನಿ ಬಿಟ್ಟರೆ ದೋಣಿಗೆ ಯಾವ ಕಟ್ಟಿಗೆ?

ಹಿನ್ನೀರು ಬಂದ ಮೇಲೆ ಬಾಗಲಕೋಟೆ ಸೀಮೆಗೆ ದೋಣಿಗಳು ಬಂದವು. ಅವಕ್ಕೆ ಹಾಸುಹಲಗೆ ಬೇಕು, ಅಂಚುಪಟ್ಟಿ ಬೇಕು. ಬರ್ಮಾ ತೇಗ ಕೈಗೆಟುಕದ ಈ ದಿನಗಳಲ್ಲಿ ಬೇವು, ಜಾಲಿ, ಹೆಬ್ಬಲಸಿನಿಂದ ಹಿಡಿದು ಕಬ್ಬಿನ ಸಿಪ್ಪೆಯ ರಸಾಯನ ಕುಡಿಸಿದ ಪೈನ್ ತನಕ ಒಂದು ಸುತ್ತು.

ಬಾಗಲಕೋಟೆ ಜಿಲ್ಲೆಗೆ ಕಡಲಿಲ್ಲ, ಹೇಳಿಕೊಳ್ಳುವಂಥ ಸಾಗವಾನಿ ಕಾಡೂ ಇಲ್ಲ. ಆದರೆ ಕನ್ನಡ ನಾಡಿನ ಅರಸನೊಬ್ಬ ನೂರಾರು ನಾವೆಗಳನ್ನು ಕಟ್ಟಿಕೊಂಡು ಪಶ್ಚಿಮ ಸಮುದ್ರದ ಪುರಿಯ ಮೇಲೆ ಏರಿಹೋದ ಸುದ್ದಿ ಕಲ್ಲಿನಲ್ಲಿ ಉಳಿದಿರುವುದು ಇಲ್ಲಿಯೇ, ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ. ಕ್ರಿ.ಶ. 634ರ ಶಾಸನ, ಬರೆದವನು ರವಿಕೀರ್ತಿ, ಅರಸ ಬಾದಾಮಿಯ ಇಮ್ಮಡಿ ಪುಲಕೇಶಿ. ಹಡಗುಗಳನ್ನು ಮದವೇರಿದ ಆನೆಗಳಿಗೆ ಹೋಲಿಸಿದ ಕವಿ ಅವು ಯಾವ ಮರದವು ಎಂಬುದನ್ನು ಮಾತ್ರ ಹೇಳಲಿಲ್ಲ. ಅಂಥ ಮಾತು ಬಡಿಗೇರರಿಗೆ ಗೊತ್ತಿರುತ್ತದೆ. ಶಾಸನ ಕೊರೆಸುವ ಯೋಗ ಅವರಿಗಿರಲಿಲ್ಲ.

ಮರದ ಆ ಪ್ರಶ್ನೆ ಈಗ ಬೇರೆ ದಾರಿಯಿಂದ ಜಿಲ್ಲೆಗೆ ವಾಪಸು ಬಂದಿದೆ. 1964ರಲ್ಲಿ ಲಾಲ್‌ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಕೆಲಸ ಮುಗಿದದ್ದು 2005ರಲ್ಲಿ. ನೀರು 519.6 ಮೀಟರ್ ಮಟ್ಟಕ್ಕೆ ನಿಲ್ಲತೊಡಗಿದ ಮೇಲೆ ಬಯಲುಸೀಮೆಯ ಹೊಲಗಳ ಅಂಚಿಗೆ ಕಣ್ಣು ಹಾಯುವಷ್ಟು ದೂರ ಹಿನ್ನೀರು ಬಂತು. ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯ ಓಣಿಗಳು ಮುಳುಗಡೆಗೆ ಹೋದವು, ಜನ ನವನಗರಕ್ಕೆ ಏರಿದರು. ಕೆಳಗೆ ಹುನಗುಂದ ಸೀಮೆಯಲ್ಲಿ ನಾರಾಯಣಪುರದ ಬಸವಸಾಗರದ ನೀರು ಕೂಡಲಸಂಗಮಕ್ಕೆ ಒತ್ತಿ ಬಂದು, ಬಸವಣ್ಣನವರ ಐಕ್ಯಮಂಟಪದ ಸುತ್ತ ಎತ್ತರದ ಗೋಡೆ ಕಟ್ಟಿ ಅದನ್ನು ಕಾಪಾಡಬೇಕಾಯಿತು. ನೀರು ನಿಂತಲ್ಲಿ ಮೀನು, ಮೀನು ಇದ್ದಲ್ಲಿ ದೋಣಿ. ಬಿದಿರು ಹೆಣೆದು ಡಾಂಬರು ಬಳಿದ ಹರಿಗೋಲಿನ ಜೊತೆಗೆ ಫೈಬರ್ ದೋಣಿ, ಮೋಟಾರು ಬೋಟು, ಪ್ರವಾಸಿಗರನ್ನು ಸುತ್ತಾಡಿಸುವ ಬೋಟು ಎಲ್ಲವೂ ಬಂದವು.

ದೋಣಿಯ ಒಡಲು ಈಗ ಬಹುಮಟ್ಟಿಗೆ ಫೈಬರಿನದೇ. ಕಟ್ಟಿಗೆ ಉಳಿದಿರುವುದು ಹೊರಮೈಯಲ್ಲಿ: ಕಾಲಿಡುವ ಹಾಸುಹಲಗೆ, ದಡಕ್ಕೆ ತಾಗಿದಾಗ ಪೆಟ್ಟು ತಿನ್ನುವ ಅಂಚುಪಟ್ಟಿ, ಹತ್ತಿ ಇಳಿಯುವಾಗ ಹಿಡಿಯುವ ಕೈಪಟ್ಟಿ, ಕೂರುವ ಮಣೆ. ಬಿಸಿಲು, ಮಳೆ, ಕೆಸರುಗಾಲು ಮೊದಲು ಬೀಳುವುದು ಇವುಗಳ ಮೇಲೆಯೇ. ಇವಕ್ಕೆ ಯಾವ ಕಟ್ಟಿಗೆ ಎಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ. ‘ಸಾಗವಾನಿ ಹಾಕಿಬಿಡ್ರಿ, ಚಿಂತೀನ ಇಲ್ಲ.’ ಚಿಂತೆ ಶುರುವಾಗುವುದೇ ಅಲ್ಲಿಂದ.

ಓಕಿಗೆ ಬದಲಿಯಾಗಿ ಬಂದ ತೇಗ

ತೇಗದ ಹೆಸರು ಸುಮ್ಮನೆ ಬಂದದ್ದಲ್ಲ. ಬಲಿತ ಮರದ ಚೇಗಿನಲ್ಲಿ ಎಣ್ಣೆಯ ಅಂಶವಿದೆ, ಗೆದ್ದಲು ಮತ್ತು ಬೂಷ್ಟಿಗೆ ಒಗ್ಗದ ರಾಸಾಯನಿಕಗಳಿವೆ. ಹತ್ರಿ ಹಿಡಿದು ಒಂದು ಪದರ ಕೆತ್ತಿ, ಆ ತಾಜಾ ಮೈ ಮೇಲೆ ನೀರಿನ ಹನಿ ಬಿಟ್ಟು ನೋಡಿ. ಹನಿ ತಕ್ಷಣ ಹೀರಿಕೊಳ್ಳದೆ ಗುಂಡಗೆ ನಿಲ್ಲುತ್ತದೆ. ಬೆರಳಿಗೆ ಸಣ್ಣ ಜಿಡ್ಡು, ಮೂಗಿಗೆ ಹಳೆ ಚರ್ಮದ ವಾಸನೆ. ಮರದಲ್ಲಿ ಸಿಲಿಕಾ ಇರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಆದರೆ ತುಳಿತಕ್ಕೆ ಮೈ ಬೇಗ ಸವೆಯುವುದಿಲ್ಲ. ಕಬ್ಬಿಣದ ಮೊಳೆಯೊಂದಿಗೆ ಜಗಳವಿಲ್ಲ. ಘನ ಮೀಟರಿಗೆ ಸುಮಾರು 650 ಕೆ.ಜಿ. ತೂಕ, ಅಷ್ಟು ಗಟ್ಟಿತನಕ್ಕೆ ಇದು ಹಗುರವೇ. ಎಲ್ಲಕ್ಕಿಂತ ದೊಡ್ಡ ಗುಣ ಅದರ ಸ್ಥಿರತೆ. ಹಸಿ ಮರ ಪೂರಾ ಒಣಗುವ ಹೊತ್ತಿಗೆ ತೇಗ ಉಂಗುರದ ದಿಕ್ಕಿನಲ್ಲಿ ಶೇ 5.8ರಷ್ಟು ಕುಗ್ಗಿದರೆ, ಅಮೆರಿಕದ ಬಿಳಿ ಓಕ್ ಶೇ 10.5ರಷ್ಟು ಕುಗ್ಗುತ್ತದೆ. ಚೈತ್ರದ ಬಿಸಿಲಿಗೆ ಬಾಯಿ ಬಿಟ್ಟು, ಶ್ರಾವಣದ ಮಳೆಗೆ ಉಬ್ಬಿ ಒಂದನ್ನೊಂದು ತಳ್ಳುವ ಹಲಗೆಗಳ ಕಾಟ ತೇಗದಲ್ಲಿ ಕಡಿಮೆ.

ಆದರೆ ಒಂದು ಮಾತನ್ನು ಮರೆಯಬಾರದು. ಪಾಶ್ಚಾತ್ಯ ಹಡಗು ಕಟ್ಟುವವರ ಪಾಲಿಗೆ ತೇಗವೇ ಒಂದು ಕಾಲದ ಬದಲಿ ಮರ. ಅವರ ಅಸಲಿ ಮರ ಓಕ್. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಸಾಲದೆ ಬಂದಾಗ ಬ್ರಿಟಿಷ್ ನೌಕಾಪಡೆ ಮುಂಬಯಿಯ ವಾಡಿಯಾ ಮನೆತನದ ಹಡಗುಕಟ್ಟೆಯ ಕಡೆ ತಿರುಗಿತು. 1817ರಲ್ಲಿ ಅಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲಿದೆ. ಹೀಗೆ ಕಡಿದು ಕಡಿದು 1840ರ ದಶಕದ ಹೊತ್ತಿಗೆ ಮಲಬಾರಿನಲ್ಲೇ ತೇಗ ತೀರತೊಡಗಿ, ಕಲೆಕ್ಟರ್ ಕನೋಲಿ ನಿಲಂಬೂರಿನಲ್ಲಿ ತೇಗದ ತೋಪು ಬೆಳೆಸಲು ಹೊರಟ. ಬದಲಿ ಮರಕ್ಕೇ ಆಗ ಬರ ಬಂದಿತ್ತು.

ಇವತ್ತಿನ ಬರಕ್ಕೆ ಬೇರೆ ಮುಖವಿದೆ. ವಿಲಾಸಿ ದೋಣಿಗಳ ಜಗತ್ತು ಮೆಚ್ಚುವುದು ಬರ್ಮಾದ ಕಾಡು ತೇಗವನ್ನು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತು ನಿಲ್ಲಿಸಿತು. 2021ರ ಸೇನಾ ದಂಗೆಯ ನಂತರ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ ಮತ್ತು ಯುರೋಪಿನ ಒಕ್ಕೂಟ ನಿರ್ಬಂಧ ಹೇರಿದವು. ಬ್ರಿಟನ್ನಿನ ಹೆಸರಾಂತ ವಿಹಾರನೌಕೆ ಕಂಪನಿ ಸನ್‌ಸೀಕರ್‌ಗೆ ಮರದ ಮೂಲ ಸರಿಯಾಗಿ ಪರಿಶೀಲಿಸಲಿಲ್ಲವೆಂದು 2024ರಲ್ಲಿ ದಂಡವೇ ಬಿತ್ತು. ಕೋಟಿಗಟ್ಟಲೆ ಬೆಲೆಯ ನೌಕೆ ಕಟ್ಟುವವರೇ ಬದಲಿ ಹುಡುಕುತ್ತಿರುವಾಗ ಹಿನ್ನೀರಿನ ದೋಣಿಯವನು ಯಾಕೆ ಹುಡುಕಬಾರದು?

‘ನಮ್ಮ ಹೊಲದ ಬದುವಿನಲ್ಲೇ ಸಾಗವಾನಿ ಐತಲ್ಲ’ ಎನ್ನುವವರು ಜಿಲ್ಲೆಯಲ್ಲಿ ಈಗ ಬಹಳ ಮಂದಿ. ನೀರಾವರಿ ಬಂದಲ್ಲೆಲ್ಲ ಬದುವಿಗೆ ತೇಗದ ಸಾಲು ಎದ್ದಿದೆ. ಮೊದಲನೆಯದಾಗಿ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸು ಬೇಕು. ಎರಡನೆಯದು ಇನ್ನೂ ಮುಖ್ಯ. ಕಾಲುವೆ ನೀರು ಕುಡಿದು ಸರಸರನೆ ಬೆಳೆದ ಹದಿನೈದಿಪ್ಪತ್ತು ವರ್ಷದ ಮರದಲ್ಲಿ ಚೇಗು ಸಣ್ಣದು, ಸುತ್ತಲಿನ ಬಿಳಿ ಮೈ ದೊಡ್ಡದು. ಆ ಬಿಳಿ ಭಾಗಕ್ಕೆ ಎಣ್ಣೆಯೂ ಇಲ್ಲ, ಬಾಳಿಕೆಯೂ ಇಲ್ಲ. ತೇಗ ಎಂಬ ಹೆಸರಿಗೆ ದುಡ್ಡು ಕೊಟ್ಟು ಸಾಧಾರಣ ಕಟ್ಟಿಗೆಯನ್ನು ಮನೆಗೆ ತಂದಂತಾಗುತ್ತದೆ. ಜನವರಿಯ ಬನಶಂಕರಿ ಜಾತ್ರೆಯಲ್ಲಿ ಬಾಗಿಲು ಚೌಕಟ್ಟುಗಳ ಸಾಲುಗಳ ನಡುವೆ ಒಮ್ಮೆ ನಿಂತು ನೋಡಿದರೆ ಇದು ತಿಳಿಯುತ್ತದೆ. ತಿಳಿದ ಗಿರಾಕಿ ಚೌಕಟ್ಟಿನ ಮುಂದಿನ ಕೆತ್ತನೆ ನೋಡುವುದಿಲ್ಲ. ಅದನ್ನು ತಿರುಗಿಸಿ ಹಿಂದಿನ ಮೂಲೆಯಲ್ಲಿ ಬಿಳಿ ಪಟ್ಟೆ ಎಷ್ಟಿದೆ, ಅದಕ್ಕೆ ಬಣ್ಣ ಬಳಿದು ಮುಚ್ಚಿದ್ದಾರೆಯೇ ಎಂದು ಉಗುರಿನಿಂದ ಗೀರುತ್ತಾನೆ. ಅಲ್ಲೇ ಹರಿದ್ರಾತೀರ್ಥದ ಹೊಂಡದಲ್ಲಿ ಬಾಳೆದಿಂಡು, ಬಿದಿರಿನ ತೆಪ್ಪ ತೇಲುತ್ತಿರುತ್ತದೆ. ಒಂದು ದಿನದ ಕೆಲಸಕ್ಕೆ ಅಷ್ಟೇ ಸಾಕು.

ಚಕ್ಕಡಿ ಕಲಿಸುವ ಪಾಠ

ಸಾಗವಾನಿ ಇಲ್ಲದ ನಾಡಿನ ಬಡಿಗೇರರು ಹಿಂದೆ ಏನು ಮಾಡುತ್ತಿದ್ದರು? ಚಕ್ಕಡಿ ನೋಡಿದರೆ ಸಾಕು. ಇಡೀ ಬಂಡಿಗೆ ಒಂದೇ ಮರ ಹುಡುಕುವ ಹುಚ್ಚು ಅವರಿಗಿರಲಿಲ್ಲ. ಪೆಟ್ಟು ತಿನ್ನುವ ಗುಂಬಕ್ಕೆ, ಅರಗಳಿಗೆ ಜಾಲಿ. ತಿರುಚುವ ಭಾರ ತಡೆಯುವ ಅಚ್ಚಿಗೆ ದಿಂಡಿಗ. ಎತ್ತಿನ ಹೆಗಲಿಗೆ ಹೊರೆಯಾಗಬಾರದ ನೊಗಕ್ಕೆ ಹಗುರ ಕಟ್ಟಿಗೆ. ಮೇಲಿನ ಹಲಗೆಗೆ ಕೈಗೆ ಸಿಕ್ಕಿದ್ದು, ಅದು ಹೋದರೆ ಇನ್ನೊಂದು. ದೋಣಿಯ ಹೊರಮೈಗೂ ಇದೇ ಲೆಕ್ಕ ಸರಿ ಎಂಬುದು ನನ್ನ ಅಭಿಪ್ರಾಯ. ‘ತೇಗದ ಬದಲು ಯಾವ ಮರ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅಂಚುಪಟ್ಟಿಗೆ ಯಾವುದು, ಹಾಸುಹಲಗೆಗೆ ಯಾವುದು, ಕೈಪಟ್ಟಿಗೆ ಯಾವುದು ಎಂದು ಬಿಡಿಸಿ ಕೇಳಿದರೆ ನಾಲ್ಕಾರು ಉತ್ತರಗಳು ಹೊಲದ ಬದುವಿನಲ್ಲೇ ಸಿಗುತ್ತವೆ.

ಅಂಚುಪಟ್ಟಿಗೆ ಕರಿಜಾಲಿಯನ್ನು ಮೀರಿಸುವುದು ಕಷ್ಟ. ಘನ ಮೀಟರಿಗೆ 800 ಕೆ.ಜಿ. ಆಸುಪಾಸಿನ ಗಟ್ಟಿ ಮರ, ಕಲ್ಲಿನ ಕಟ್ಟೆಗೆ ಬಡಿದರೂ ಸೀಳುವುದಿಲ್ಲ. ಸಿಂಧೂ ನದಿಯ ನಾಡದೋಣಿಗಳಿಗೆ ಇದೇ ಜಾಲಿ ಬಳಕೆಯಲ್ಲಿತ್ತು. ನೆಟ್ಟಗೆ ಬೆಳೆಯುವುದಿಲ್ಲ ಎಂಬುದು ಅದರ ಮೇಲಿನ ದೂರು, ಆದರೆ ದೋಣಿಯ ಮೂತಿಗೆ ಬೇಕಾದದ್ದು ಬಾಗಿದ ಕಟ್ಟಿಗೆಯೇ. ಸಹಜವಾಗಿ ಬಾಗಿದ ಕೊಂಬೆಯಲ್ಲಿ ನಾರು ಬಾಗಿನ ಜೊತೆಗೇ ಹರಿದಿರುತ್ತದೆ, ಕೊಯ್ದು ಬಾಗಿಸಿದ್ದಕ್ಕಿಂತ ಬಲ ಹೆಚ್ಚು. ಒಂದೇ ಎಚ್ಚರ ಬೇಕು. ಜಾಲಿಯಲ್ಲಿ ಒಗರು ವಿಪರೀತ. ಅದರ ತೊಗಟೆಯಿಂದಲೇ ಚರ್ಮ ಹದ ಮಾಡುತ್ತಾರೆ. ಆ ಒಗರು ಕಬ್ಬಿಣಕ್ಕೆ ತಾಗಿ ನೀರು ಬಿದ್ದರೆ ಕಪ್ಪು ಮಸಿ ಹುಟ್ಟುತ್ತದೆ, ಮೊಳೆ ಸವೆಯುತ್ತದೆ, ಮೊಳೆಯ ಸುತ್ತಲಿನ ಮರವೂ ಮೆತ್ತಗಾಗುತ್ತದೆ. ಆದ್ದರಿಂದ ಜಾಲಿಗೆ ಸ್ಟೇನ್‌ಲೆಸ್ ಸ್ಕ್ರೂ ಕಡ್ಡಾಯ. ನಮ್ಮದು ಸಿಹಿನೀರು, 304 ದರ್ಜೆಯದು ನಡೆಯುತ್ತದೆ. ಕಡಲಿಗೆ 316 ಬೇಕು.

ಹಸಿ ಜಾಲಿಯನ್ನು ಕೆಲ ತಿಂಗಳು ಬಾವಿಯಲ್ಲೋ ಕೆರೆಯಲ್ಲೋ ಮುಳುಗಿಸಿಡುವ ಹಳೆ ರೂಢಿಯನ್ನು ಕಂಡು ಈಗಿನವರು ನಗುತ್ತಾರೆ. ನಗುವ ವಿಷಯವಲ್ಲ. ಬಿಳಿ ಭಾಗದಲ್ಲಿರುವ ಪಿಷ್ಟ ನೀರಿಗಿಳಿದು ಹೋದರೆ, ಅದನ್ನು ತಿನ್ನಲು ಬಂದು ಮರವನ್ನು ಹಿಟ್ಟು ಮಾಡುವ ಹುಳಕ್ಕೆ ಅಲ್ಲಿ ಊಟವೇ ಇರುವುದಿಲ್ಲ.

ಬೇವು ಕೂರುವ ಮಣೆಗೆ, ಗಿಡ್ಡ ಹಲಗೆಗಳಿಗೆ ಚೆನ್ನ. ಗೆದ್ದಲಿಗೆ ಕಹಿ, ತೂಕ ತೇಗಕ್ಕಿಂತ ತುಸು ಜಾಸ್ತಿ. ಆದರೆ ನಾರು ಒಂದು ಪದರದಲ್ಲಿ ಆ ಕಡೆ, ಇನ್ನೊಂದು ಪದರದಲ್ಲಿ ಈ ಕಡೆ ಹರಿದಿರುವುದರಿಂದ ಹತ್ರಿ ಹೊಡೆದಾಗ ಮೈ ಕಿತ್ತು ಬರುತ್ತದೆ. ಚೂಪಾದ ಅಲಗು, ತೆಳ್ಳಗಿನ ಪದರ, ತಾಳ್ಮೆ ಮೂರೂ ಬೇಕು. ಉದ್ದದ ಹಾಸುಹಲಗೆಗೆ ಬೇವನ್ನು ನಾನು ಹೇಳುವುದಿಲ್ಲ. ಈ ಸೀಮೆಯ ಬೇಸಿಗೆಯಲ್ಲಿ ಅದು ತಿರುಚದೆ ಇರುವುದು ಅಪರೂಪ. ಕಟ್ಟಿಗೆ ತಿರುಚುವುದೆಂದರೆ ಏನೆಂದು ಇಳಕಲ್ಲಿನ ನೇಕಾರರಿಗೆ ಹೇಳಿಕೊಡಬೇಕಿಲ್ಲ. ಕುಣಿಮಗ್ಗದ ಹಲಗೆ ಕೂದಲೆಳೆಯಷ್ಟು ಬಾಗಿದರೂ ಲಾಳಿ ಹಾರಿ ಬೀಳುತ್ತದೆ, ಸೀರೆ ಅಲ್ಲಿಗೆ ನಿಲ್ಲುತ್ತದೆ.

ಹಾಸುಹಲಗೆಗೆ ಘಟ್ಟದ ಕಡೆ ನೋಡಬೇಕು. ಅಲ್ಲಿ ನನ್ನ ಮೊದಲ ಆಯ್ಕೆ ಹೆಬ್ಬಲಸು. ಕೇರಳದವರು ಅಂಜಿಲಿ ಎನ್ನುವ ಇದೇ ಮರದಿಂದ ಹಾವುದೋಣಿಗಳು ಆಗುತ್ತವೆ, ಕುಟ್ಟನಾಡಿನ ಹಗ್ಗದ ಹೊಲಿಗೆಯ ಕೆಟ್ಟುವಳ್ಳಗಳೂ ಇದರವೇ. ಹೊನ್ನಿನ ಬಣ್ಣ, ತೇಗದಷ್ಟೇ ತೂಕ, ನೀರಿಗೂ ಗಾಳಿಗೂ ನಿಲ್ಲುವ ಚೇಗು. ಮತ್ತಿ ಗಟ್ಟಿ, ಆದರೆ ಬಿಸಿಲಿಗೆ ಸೀಳು ಬಿಡುತ್ತದೆ. ಹೊನ್ನೆ ಬಾಳುತ್ತದೆ, ಆದರೆ ಒದ್ದೆಯಾದರೆ ಹಳದಿ ಬಣ್ಣ ಬಿಟ್ಟು ಪಕ್ಕದ ಬಿಳಿ ಫೈಬರಿಗೆ ಕಲೆ ಹಚ್ಚುತ್ತದೆ. ನಂದಿಯನ್ನು ಮರದ ವ್ಯಾಪಾರದಲ್ಲಿ ತೇಗದ ತಮ್ಮನೆಂದೇ ಮಾರುತ್ತಾರೆ; ನೆರಳಿನಲ್ಲಿರುವ ಒಳಗೆಲಸಕ್ಕೆ ಸರಿ. ಹೊರದೇಶದ ಮರಗಳಲ್ಲಿ ಆಫ್ರಿಕದ ಇರೋಕೊ ತೇಗಕ್ಕೆ ಹತ್ತಿರದ್ದು. ಬ್ರೆಜಿಲಿನ ಇಪೆ ಕಬ್ಬಿಣದಷ್ಟು ಗಟ್ಟಿ ಮತ್ತು ನೀರಲ್ಲಿ ಮುಳುಗುವಷ್ಟು ಭಾರ. ಅದರ ವ್ಯಾಪಾರವೂ 2024ರ ಕೊನೆಯಿಂದ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿದೆ. ಒಂದು ಕಾಡು ಖಾಲಿಯಾಯಿತೆಂದು ಇನ್ನೊಂದು ಕಾಡಿಗೆ ಕೈ ಹಾಕುವುದಕ್ಕೆ ಬದಲಿ ಎನ್ನಲಾಗದು.

ಮುಳುಗಡೆಯ ತೊಲೆಗಳು

ತೇಗವೇ ಬೇಕೆಂದು ಹಟ ಹಿಡಿದವರಿಗೆ ಬಾಗಲಕೋಟೆಯಲ್ಲಿ ಒಂದು ದಾರಿಯಿದೆ, ಹಳೆ ಕಟ್ಟಿಗೆ. ಮುಳುಗಡೆಯ ಊರುಗಳಿಂದ ಜನ ಹೊರಡುವಾಗ ಕಲ್ಲು ಮಣ್ಣು ಬಿಟ್ಟರೂ ತಲಬಾಗಿಲು, ಕಂಬ, ತೊಲೆ, ಜಂತಿಗಳನ್ನು ಬಿಟ್ಟು ಬರಲಿಲ್ಲ. ಕೆಲವು ಹೊಸ ಮನೆಗೆ ಹೋದವು, ಕೆಲವು ಮಾರಾಟವಾದವು. ಇಂದಿಗೂ ಹಳೆ ಮಾಳಿಗೆ ಮನೆ ಬಿಚ್ಚಿದಲ್ಲೆಲ್ಲ ಅಂಥ ತೊಲೆಗಳು ಸಿಗುತ್ತವೆ. ಕಾಡಿನಲ್ಲಿ ನಿಧಾನ ಬೆಳೆದ ಮರ, ತಲೆಮಾರುಗಳ ಕಾಲ ನೆರಳಲ್ಲಿ ಒಣಗಿದ ಮೈ. ಹೊಸ ದಿಮ್ಮಿಗಿಂತ ಇದೇ ಮೇಲು.

ಲೆಕ್ಕ ಹಾಕಿ ನೋಡಿ. ದೋಣಿಯ ಹಾಸಿಗೆ ದಪ್ಪ ಹಲಗೆ ಬೇಡವೇ ಬೇಡ. ಮೆರೈನ್ ಪ್ಲೈ ಮೇಲೆ ಹತ್ತು ಮಿಲಿಮೀಟರ್ ದಪ್ಪದ ಪಟ್ಟಿ ಅಂಟಿಸಿದರೆ ಸಾಕು. 15 ಸೆಂಟಿಮೀಟರ್ ಚೌಕದ, ಮೂರು ಮೀಟರ್ ಉದ್ದದ ಒಂದು ತೊಲೆಯನ್ನು 45 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿದರೆ, ಗರಗಸ ತಿನ್ನುವ ಮೂರು ಮೂರು ಮಿಲಿಮೀಟರ್ ಕಳೆದು, 33 ಪಟ್ಟಿ ಕೈಗೆ ಬರುತ್ತವೆ. ಹೆಚ್ಚುಕಡಿಮೆ ನಾಲ್ಕೂವರೆ ಚದರ ಮೀಟರ್ ಹಾಸು. ಸಣ್ಣ ದೋಣಿಗೆ ಒಂದೇ ತೊಲೆ ಸಾಕು ಎಂದಾಯಿತು. ಸೀಳುವ ಮೊದಲು ಮೊಳೆ ಹುಡುಕಬೇಕು. ಹಳೆ ತೊಲೆಯೊಳಗೆ ಮುರಿದು ಉಳಿದ ಚೌಕ ಮೊಳೆಯೊಂದು ಬ್ಲೇಡನ್ನೂ ಮಿಲ್ಲಿನವನ ಸಹನೆಯನ್ನೂ ಒಟ್ಟಿಗೆ ಮುರಿಯುತ್ತದೆ. ಕೆತ್ತನೆಯ ಕಂಬ, ಬೋದಿಗೆಗಳನ್ನು ಮಾತ್ರ ದಯವಿಟ್ಟು ಮಿಲ್ಲಿಗೆ ಒಯ್ಯಬೇಡಿ. ಅವು ಊರಿನ ಆಸ್ತಿ, ದೋಣಿಗಲ್ಲ.

ಪ್ಲೈ ಕೊಳ್ಳುವಾಗ ಅಂಗಡಿಯಲ್ಲಿ ‘ಸೆವೆನ್ ಟೆನ್’ ಎಂದು ಕೇಳಬೇಕು. ಅದು ಐಎಸ್ 710 ಎಂಬ ಮಾನಕದ ಮೆರೈನ್ ಪ್ಲೈ, ಕುದಿಯುವ ನೀರಲ್ಲಿಟ್ಟರೂ ಅಂಟು ಬಿಡದ್ದು. 303 ಎಂದು ಕೊಡುವ ಸಾಮಾನ್ಯ ಪ್ಲೈ ಅಡುಗೆಮನೆಯ ಕಪಾಟಿಗಷ್ಟೇ ಸರಿ.

ಕಬ್ಬಿನ ಸಿಪ್ಪೆಯಿಂದ ಮರಕ್ಕೆ ಬಲ

ಇನ್ನೊಂದು ದಾರಿ ಕಾರ್ಖಾನೆಯದು. ಬೇಗ ಬೆಳೆಯುವ ಮೆತ್ತನೆ ಮರವನ್ನು ಹಿಡಿದು, ಅದರ ಸ್ವಭಾವವನ್ನೇ ಬದಲಿಸುವುದು. ಫಿನ್‌ಲೆಂಡಿನವರ ಉಪಾಯ ಬರೀ ಶಾಖ. ಹಬೆಯ ನಡುವೆ ಮರವನ್ನು 180ರಿಂದ 215 ಡಿಗ್ರಿವರೆಗೆ ಕಾಯಿಸುತ್ತಾರೆ. ಬೂಷ್ಟಿಗೆ ಬೇಕಾದ ಸಕ್ಕರೆಯ ಅಂಶ ಸುಟ್ಟುಹೋಗುತ್ತದೆ, ನೀರು ಕುಡಿಯುವ ಚಟ ಕಡಿಮೆಯಾಗುತ್ತದೆ, ಬಣ್ಣ ಕಂದಾಗುತ್ತದೆ. ಕಳೆದುಕೊಳ್ಳುವುದು ಬಲವನ್ನು, ಮರ ಪೆಡಸಾಗಿ ಸ್ಕ್ರೂ ಹಿಡಿತ ಸಡಿಲವಾಗುತ್ತದೆ. ಹಾಸಿಗೆ ಆದೀತು, ಜೀವ ನಂಬಿ ಹಿಡಿಯುವ ಕೈಪಟ್ಟಿಗೆ ಬೇಡ. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಈ ಶಾಖದ ಹದದ ಮೇಲೆ ಕೆಲಸ ನಡೆದಿದೆ.

ನೆದರ್ಲೆಂಡ್ಸಿನ ಅಕೋಯಾ ಇನ್ನೂ ಒಂದು ಹೆಜ್ಜೆ ಮುಂದೆ. ರೇಡಿಯೇಟಾ ಪೈನ್ ಮರದ ಕಣಗಳಲ್ಲಿ ನೀರನ್ನು ಹಿಡಿಯುವ ಕೊಂಡಿಗಳನ್ನು ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಮುಚ್ಚಿಬಿಡುತ್ತಾರೆ. ಹೊಸ ಹಲಗೆ ಮೂಸಿದರೆ ವಿನೆಗರ್ ವಾಸನೆ. ನೆಲಕ್ಕೆ ತಾಗದಿದ್ದರೆ 50 ವರ್ಷ ಕೊಳೆಯದು ಎಂದು ತಯಾರಕರು ಗ್ಯಾರಂಟಿ ಕೊಡುತ್ತಾರೆ. ಉಬ್ಬು ಕುಗ್ಗು ತೇಗಕ್ಕಿಂತಲೂ ಕಡಿಮೆ. ಆ ಹುಳಿ ಸಾಧಾರಣ ಮೊಳೆಯನ್ನು ತಿನ್ನುತ್ತದೆ, ಇಲ್ಲೂ ಸ್ಟೇನ್‌ಲೆಸ್ ಬೇಕೇಬೇಕು.

ನಾರ್ವೆಯ ಕೆಬೋನಿಯ ವಿಷಯ ಬಂದಾಗ ಮುಧೋಳ, ಜಮಖಂಡಿಯವರು ಕಿವಿ ನಿಮಿರಿಸಬೇಕು. ಅಲ್ಲಿ ಪೈನ್ ಮರಕ್ಕೆ ಒತ್ತಡದಲ್ಲಿ ಕುಡಿಸುವ ದ್ರವದ ಹೆಸರು ಫರ್ಫ್ಯುರಿಲ್ ಆಲ್ಕೋಹಾಲ್. ಕುಡಿಸಿ ಕಾಯಿಸಿದರೆ ಅದು ಮರದ ಕಣದ ಗೋಡೆಯೊಳಗೇ ಗಟ್ಟಿಯಾಗಿ, ಮೆತ್ತನೆ ಪೈನ್ ಕಪ್ಪು ಕಂದು ಬಣ್ಣದ ಗಡಸು ಮರವಾಗುತ್ತದೆ. ಆ ದ್ರವದ ಮೂಲ ಯಾವುದು? ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಂಟಿನಂಥ ಕೃಷಿ ತ್ಯಾಜ್ಯ. ಘಟಪ್ರಭಾ, ಕೃಷ್ಣಾ ದಂಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಅದೇ ಸಿಪ್ಪೆಯನ್ನು ಬಾಯ್ಲರಿಗೆ ಸುರಿದು ವಿದ್ಯುತ್ ಮಾಡುತ್ತಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಕರೆಂಟೂ ಬೇಕು. ಆದರೆ ನಾರ್ವೆಯ ಹಡಗುಕಟ್ಟೆಗೆ ಬೆಲೆಯುಳ್ಳದ್ದಾದ ಸಿಪ್ಪೆ ನಮ್ಮ ಅಂಗಳದಲ್ಲಿ ಗುಡ್ಡೆ ಬಿದ್ದಿರುವಾಗ, ಬದುವಿನ ನೀಲಗಿರಿಗೂ ಸಿಲ್ವರ್ ಓಕ್‌ಗೂ ಈ ಹದ ಹಾಕಿ ನೋಡುವವರು ಇಲ್ಲಿಯೇ ಒಬ್ಬರು ಹುಟ್ಟಿಕೊಳ್ಳಬಾರದೇ ಎನಿಸುತ್ತದೆ.

ಇವೆಲ್ಲ ದುಬಾರಿ. ಅಗ್ಗದ್ದು ತಾಮ್ರ, ಕ್ರೋಮ್, ಆರ್ಸೆನಿಕ್ ಲವಣ ಕುಡಿಸಿದ ಹಸಿರು ಛಾಯೆಯ ಮರ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರಕ್ಕೇ ಇಂಥ ಹದ ಕೊಟ್ಟು ಮೀನುಗಾರರ ದೋಣಿ ಮಾಡಿ ತೋರಿಸಿದೆ. ಆದರೆ ಬರಿಗಾಲಲ್ಲಿ ಓಡಾಡುವ, ಮಕ್ಕಳು ಕೂತು ಬುತ್ತಿ ಉಣ್ಣುವ ಹಾಸಿಗೆ ಆರ್ಸೆನಿಕ್ ಬೇಡ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು 2003ರ ಕೊನೆಗೇ ಕೈಬಿಟ್ಟರು. ಆರ್ಸೆನಿಕ್ ಬದಲು ಬೋರಾನ್ ಇರುವ ಹದ ಕೇಳಿ ಪಡೆಯಬಹುದು. ನಮ್ಮ ಕಡೆ ಇನ್ನೊಂದು ಅಪಾಯವಿದೆ: ಕೊಯ್ದು ಉಳಿದ ತುಂಡುಗಳು ನೆಟ್ಟಗೆ ಒಲೆಗೆ ಹೋಗುತ್ತವೆ. ಆ ಹಸಿರು ತುಂಡಿನ ಹೊಗೆಯೂ ಬೂದಿಯೂ ವಿಷವೇ. ಅದರ ಮೇಲೆ ರೊಟ್ಟಿ ಸುಡುವಂತಿಲ್ಲ.

ಸುಳ್ಳು ಗೆರೆ, ನಿಜ ಗೆರೆ

ಕೊನೆಗೆ ಪ್ಲಾಸ್ಟಿಕ್ ಬರುತ್ತದೆ. ಪಿವಿಸಿ ಹಾಳೆಯ ಮೇಲೆ ತೇಗದ ನಾರು ಮೂಡಿಸಿ, ನಡುನಡುವೆ ಕಪ್ಪು ಗೆರೆ ಎಳೆದು ಬರುವ ಹಾಸು ಈಗ ಜಗತ್ತಿನ ಎಷ್ಟೋ ಹೊಸ ಬೋಟುಗಳ ಮೇಲಿದೆ. ಎಣ್ಣೆ ಬೇಡ, ಬೂಷ್ಟು ಹಿಡಿಯದು, ಸಾಬೂನು ನೀರು ಹಾಕಿ ತಿಕ್ಕಿದರೆ ಮುಗಿಯಿತು. ಆದರೆ ಬಿಸಿಲು 40 ಡಿಗ್ರಿ ದಾಟುವ ಬಾಗಲಕೋಟೆಯ ಏಪ್ರಿಲ್‌ನಲ್ಲಿ ಆ ಕಂದು ಹಾಳೆಯ ಮೇಲೆ ಬರಿಗಾಲು ಊರಿ ನೋಡಬೇಕು. ಮರ ಬಿಸಿಯಾದರೂ ಶಾಖವನ್ನು ಕಾಲಿಗೆ ದಾಟಿಸುವುದು ನಿಧಾನ, ಪಿವಿಸಿ ಸುಡುತ್ತದೆ. ಹಾಕಲೇಬೇಕೆಂದರೆ ತಿಳಿ ಬೂದುಬಣ್ಣದ್ದು ಹಾಕಬೇಕು. ಪೋರ್ಚುಗಲ್ಲಿನ ಕಾರ್ಕ್ ಹಾಸು ಇದಕ್ಕಿಂತ ಉತ್ತಮ. ಮರ ಕಡಿಯದೆ ತೊಗಟೆ ಸುಲಿದು ಮಾಡುವಂಥದ್ದು, ಕಾಲಿಗೆ ತಂಪು, ಒದ್ದೆಯಾದರೂ ಜಾರದು.

ಪ್ಲಾಸ್ಟಿಕ್ಕಿನ ಆ ಕಪ್ಪು ಗೆರೆಯನ್ನು ನೋಡಿದಾಗೆಲ್ಲ ನನಗೆ ಐಹೊಳೆಯ ಲಾಡಖಾನ್ ಗುಡಿಯ ಛಾವಣಿ ನೆನಪಾಗುತ್ತದೆ. ಇಳಿಜಾರಾಗಿ ಹಾಸಿದ ದೊಡ್ಡ ಕಲ್ಲುಚಪ್ಪಡಿಗಳು. ಎರಡು ಚಪ್ಪಡಿಗಳ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ, ಥೇಟ್ ಮರದ ಗಳದ ಆಕಾರ. ಮರದ ಮನೆಯ ಪದ್ಧತಿಯನ್ನು ಚಾಲುಕ್ಯರ ಕಲ್ಲುಕುಟಿಗರು ಕಲ್ಲಿಗೆ ಇಳಿಸಿದರು ಎಂದು ವಿದ್ವಾಂಸರು ಹೇಳುತ್ತಾರೆ. ಮರಕ್ಕೆ ಕಲ್ಲು ಬದಲಿಯಾಗಿ ಬಂತು, ಆದರೆ ಆ ಪಟ್ಟಿ ಬರೀ ಅಲಂಕಾರವಲ್ಲ, ಸಂದಿನೊಳಗೆ ಮಳೆನೀರು ಇಳಿಯದಂತೆ ಇಂದಿಗೂ ತಡೆಯುತ್ತಿದೆ. ಪಿವಿಸಿಯ ಕಪ್ಪು ಗೆರೆ ಯಾವ ನೀರನ್ನೂ ತಡೆಯುವುದಿಲ್ಲ. ಅಲ್ಲಿ ಸಂದೇ ಇಲ್ಲ. ಆ ಗೆರೆಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ.

ನಿಜವಾದ ಸಂದಿನ ಕೆಲಸ ಹೀಗೆ. ಪಟ್ಟಿಗಳ ಅಗಲ 50 ಮಿಲಿಮೀಟರ್ ದಾಟಬಾರದು, ಅಗಲವಾದಷ್ಟೂ ಉಬ್ಬು ಕುಗ್ಗು ಹೆಚ್ಚು. ಉಂಗುರಗಳು ಪಟ್ಟಿಯ ಮೈಗೆ ನೆಟ್ಟಗೆ ನಿಲ್ಲುವಂತೆ ಕೊಯ್ಯಿಸಬೇಕು, ಆಗ ಸವೆತವೂ ಸಮ. ನಡುವೆ ನಾಲ್ಕೈದು ಮಿಲಿಮೀಟರ್ ಸಂದು ಬಿಟ್ಟು, ಸಂದಿನ ತಳಕ್ಕೆ ತೆಳ್ಳಗಿನ ಟೇಪು ಹಾಕಿ, ಮೇಲೆ ರಬ್ಬರಿನಂಥ ಪಾಲಿಸಲ್ಫೈಡ್ ತುಂಬಬೇಕು. ಟೇಪು ಮರೆತರೆ ಅದು ಎರಡು ಬದಿಗೂ ತಳಕ್ಕೂ ಅಂಟಿಕೊಂಡು, ಪಟ್ಟಿ ಕುಗ್ಗಿದಾಗ ಎಳೆತ ತಾಳದೆ ಹರಿಯುತ್ತದೆ. ಹಾಸು ಸೋರುವುದು ಹೆಚ್ಚಾಗಿ ಮರದ ತಪ್ಪಿನಿಂದಲ್ಲ, ಈ ಟೇಪಿನ ತಪ್ಪಿನಿಂದ.

ಹಿನ್ನೀರಿನವರಿಗೆ ಒಂದು ಅನುಕೂಲ, ಒಂದು ಅನನುಕೂಲ. ಮರವನ್ನು ಜಾಲರಿಯಂತೆ ಕೊರೆಯುವ ಹಡಗುಹುಳ ಉಪ್ಪುನೀರಿನದು, ಕೃಷ್ಣೆಯಲ್ಲಿ ಅದರ ಕಾಟವಿಲ್ಲ. ಆದರೆ ಉಪ್ಪು ಬೂಷ್ಟನ್ನೂ ತಡೆಯುತ್ತದೆ. ಕಡಲ ನಾವಿಕರು ಹಾಸನ್ನು ಕಡಲ ನೀರಲ್ಲೇ ತೊಳೆಯುವುದು ಅದಕ್ಕೇ. ಮಳೆಯ ಸಿಹಿನೀರು ಸಂದಿನಲ್ಲಿ ಕೂತರೆ ಕೊಳೆತ ಖಚಿತ. ಮರದ ತೇವ ಶೇ 20ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಹಲಗೆಯ ಕೊಯ್ದ ತುದಿಗಳಿಗೆ ಎಪಾಕ್ಸಿ ಬಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೀನುಗಾರರ ದೋಣಿಗೆ ನಾನು ಹೇಳುವುದಾದರೆ ಹಾಸು ಫೈಬರಿನದೇ ಇರಲಿ, ಅಚ್ಚಿನಲ್ಲೇ ಒರಟು ಮೂಡಿಸಿದ್ದು. ಸುತ್ತ ಜಾಲಿಯ ಅಂಚುಪಟ್ಟಿ, ಸವೆದ ತುಂಡನ್ನು ಸ್ಕ್ರೂ ಬಿಚ್ಚಿ ಬದಲಿಸಿದರಾಯಿತು. ಪ್ರವಾಸಿಗರ ಬೋಟಿಗೆ ಹೆಬ್ಬಲಸು ಅಥವಾ ಹಳೆ ತೊಲೆಯ ಪಟ್ಟಿ. ಪ್ರೆಶರ್ ಪಂಪಿನಿಂದ ತೊಳೆಯಕೂಡದು, ಅದು ಮೆತ್ತನೆ ನಾರನ್ನು ಕಿತ್ತು ಮೈಯನ್ನು ಏಣುಏಣು ಮಾಡುತ್ತದೆ. ಮೆತ್ತನೆ ಬ್ರಷ್ಷು, ನಾರಿಗೆ ಅಡ್ಡಲಾಗಿ ತಿಕ್ಕಬೇಕು.

ಎಣ್ಣೆಗೆ ಹೊರಗೆ ಹೋಗಬೇಕಿಲ್ಲ. ಅಗಸಿಯೂ ಕುಸುಬಿಯೂ ಈ ಎರೆಹೊಲಗಳ ಬೆಳೆ, ಎರಡೂ ಗಾಳಿಗೆ ಒಣಗಿ ಪೊರೆ ಕಟ್ಟುವ ಎಣ್ಣೆಗಳು. ಹಸಿ ಎಣ್ಣೆ ಹಚ್ಚಿದರೆ ತಿಂಗಳಾದರೂ ಅಂಟಂಟು, ಮೇಲೆ ಕಪ್ಪು ಬೂಷ್ಟು. ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ, ಹಚ್ಚಿ, ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಪೂರಾ ಒರೆಸಬೇಕು. ಆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಎಣ್ಣೆ ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ಯಾರೂ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ನೀರಲ್ಲಿ ಅದ್ದಿ, ಬಯಲಲ್ಲಿ ಹರವಿ ಒಣಗಿಸಬೇಕು.